ಒಂದೇ ಕಂಠಕ್ಕೆ ಮೂರು ವಿಮರ್ಶೆ

ನಮ್ಮ ಬಾವ ಲೈಸ್ಯಾಂಡರ್ ಪ್ರೌಟಿಯವರಿಗೆ ಸಂಗೀತದ ಮೇಲೆ ಎಂಥ ಪ್ರೀತಿ ಎಂದರೆ, ಯಾರಾದರೂ ಬಾಯಿ ತೆರೆದು ಹಾಡಿದರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಒಹಾಯೋ ನದಿಯ ದಡದ ನಮ್ಮ ಊರಿನ ಬೆಳಗಿನ ಪತ್ರಿಕೆಗೆ ಅವರು ಗಡ್ಡ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಸಂಗೀತ ವಿಮರ್ಶೆ ಬರೆದರು. ಅಷ್ಟು ವರ್ಷದಲ್ಲಿ ಈ ಊರಲ್ಲಿ ಹುಟ್ಟಿದ ಒಬ್ಬರನ್ನಾದರೂ ಹೊಗಳಿದ್ದರೆ ತೋರಿಸಿ, ನನ್ನ ಹೆಸರು ಬೇರೆ ಇಡಿ. ಹೆಸರು ಬೇರೆ ಇಡುವ ಮಾತು ಬಂದಿತಲ್ಲ, ಈ ಕಥೆಯೂ ಅದರದ್ದೇ.

ನಾನು ಅವರ ನಾದಿನಿ, ಲವೀನಿಯಾ. ಮದುವೆ ಆಗಲಿಲ್ಲ. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದುಕೊಂಡು ಊರಿನ ಹುಡುಗಿಯರಿಗೆ ಪಿಯಾನೋ ಮತ್ತು ಹಾಡು ಹೇಳಿಕೊಡುತ್ತಿದ್ದೆ. ಬಾವನ ಲೆಕ್ಕದಲ್ಲಿ ಅದು ಸಂಗೀತದ ಕೆಲಸವಲ್ಲ, ಕಸೂತಿ ಹೆಣಿಗೆಯ ಸಾಲಿಗೆ ಸೇರಿದ್ದು.

ಬಾವ ಹುಟ್ಟಿದ್ದು ವರ್ಮಾಂಟ್ ಬೆಟ್ಟಗಳ ಒಂದು ಹಳ್ಳಿಯಲ್ಲಿ. ಅವರ ಅಪ್ಪ ಗಾಡಿಯಲ್ಲಿ ಹಾರ್ಮೋನಿಯಂ ಹೇರಿಕೊಂಡು ಮನೆಮನೆಗೆ ಮಾರುತ್ತಿದ್ದವರು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತಬೇಕಾದದ್ದು ಲೈಪ್‌ಜಿಗ್. ಯಾರೋ ಚಿಕ್ಕಮ್ಮ ಸತ್ತು ಬಿಟ್ಟುಹೋದ ಹಣದಲ್ಲಿ ಬಾವ ಆ ಜರ್ಮನ್ ಊರಿಗೆ ಹೋಗಿ ಒಂದೂವರೆ ವರ್ಷ ಸಂಗೀತ ಕಲಿತು ಬಂದಿದ್ದರು. ಏನು ಕಲಿತಿರಿ ಎಂದು ಯಾರೂ ಕೇಳಲಿಲ್ಲ, ಅವರೂ ನುಡಿಸಿ ತೋರಿಸಲಿಲ್ಲ. ಬೆಳ್ಳಿ ಹಿಡಿಯ ಊರುಗೋಲು, ಮೊನಚು ಗಡ್ಡ, ಮಾತಿಗೆ ಮುಂಚೆ ಒಂದು ನಿಟ್ಟುಸಿರು, ಇಷ್ಟು ಸಾಮಾನು ಅವರ ಜೊತೆ ಹಡಗಿನಿಂದ ಇಳಿಯಿತು. ಆಗ ನಮ್ಮೂರ ಪತ್ರಿಕೆಯಲ್ಲಿ ಸಂಗೀತದ ವರದಿ ಬರೆಯುತ್ತಿದ್ದವನು ಹಂದಿ ಸಂತೆಯ ದರ ಬರೆಯುವವನೇ. ಸಂಪಾದಕರು ಬಾವನ ಗಡ್ಡ ನೋಡಿದರು, ನಿಟ್ಟುಸಿರು ಕೇಳಿದರು, ಕೆಲಸ ಕೊಟ್ಟುಬಿಟ್ಟರು.

ಕೆಲಸಕ್ಕೆ ಕೂತ ಕೆಲವೇ ದಿನದಲ್ಲಿ ಬಾವನಿಗೆ ಒಂದು ಜ್ಞಾನೋದಯವಾಯಿತು. ಹೊಗಳಿದರೆ ಜನ ಹಾಡಿದವರನ್ನು ನೆನೆಯುತ್ತಾರೆ, ತೆಗಳಿದರೆ ಬರೆದವರನ್ನು ನೆನೆಯುತ್ತಾರೆ. ಅಂದಿನಿಂದ ಅವರು ಹಿಂತಿರುಗಿ ನೋಡಲಿಲ್ಲ. ಸಮುದ್ರ ದಾಟಿ ಬಂದವರಿಗೆ ಮಾತ್ರ ಬೇರೆ ತಕ್ಕಡಿ ಇಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಜನ ಆಡಿಕೊಳ್ಳುವ ಮಾತನ್ನು ಬಾವ ಒಂದು ಉದ್ಯೋಗ ಮಾಡಿಕೊಂಡು ಸಂಬಳ ತೆಗೆದುಕೊಂಡರು.

ಸಭಾಂಗಣದಲ್ಲಿ ಅವರದೊಂದು ಪದ್ಧತಿ. ವೇದಿಕೆಯ ಕಡೆ ನೋಡುವುದೇ ಇಲ್ಲ. ತೊಡೆಯ ಮೇಲೆ ಸ್ವರಪುಸ್ತಕ ಬಿಚ್ಚಿಟ್ಟುಕೊಂಡು, ತಲೆ ಬಗ್ಗಿಸಿ, ಹಾಡುವವರು ಪ್ರತಿ ಸ್ವರವನ್ನೂ ಅಚ್ಚಾದಂತೆ ಹಾಡುತ್ತಾರೋ ಇಲ್ಲವೋ ಎಂದು ಬೆರಳಿಟ್ಟು ನೋಡುತ್ತ ಕೂರುವುದು. ಬಾಸ್ಟನ್, ನ್ಯೂಯಾರ್ಕಿನ ದೊಡ್ಡ ವಿಮರ್ಶಕರೆಲ್ಲ ಹಾಗೇ ಕೂರುತ್ತಿದ್ದರು. "ಕಣ್ಣಲ್ಲಿ ಕೇಳೋರು ಸರ್ಕಸ್ಸಿಗೆ ಹೋಗ್ಲಿ" ಎಂದು ಬಾವ ಹೇಳುತ್ತಿದ್ದರು.

ಅಕ್ಕ ಫಿಲೀನಾಗೆ ಸಂಗೀತವೆಂದರೆ ತಲೆನೋವು. ಪಿಟೀಲಿನವರು ಶ್ರುತಿ ಮಾಡಿಕೊಳ್ಳುವಷ್ಟರಲ್ಲಿ ಅವಳಿಗೆ ನಿದ್ದೆ. ಹಾಗಾಗಿ ಪತ್ರಿಕೆ ಕೊಡುತ್ತಿದ್ದ ಎರಡು ಆಸನಗಳಲ್ಲಿ ಎರಡನೆಯದು ನನಗೆ ಬಂತು. ಅಕ್ಕನ ಪಾಲಿನ ಸೇವೆ ಬೆಳಗ್ಗೆ. ತಿಂಡಿಯ ಮೇಜಿನಲ್ಲಿ ಬಾವ ಬೇಯಿಸಿದ ಮೊಟ್ಟೆಯ ನೆತ್ತಿ ಒಡೆಯುತ್ತಿರುವಾಗ ಅವರ ವಿಮರ್ಶೆಯನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಬೇಕು. ಬಾವ ಬೇರೆ ಯಾರೋ ಬರೆದದ್ದನ್ನು ಕೇಳುವವರ ಹಾಗೆ ಕೇಳುವರು. ಕೊನೆಗೆ, "ಪರವಾಗಿಲ್ಲ, ಚೆನ್ನಾಗಿ ಬರೆದಿದಾನೆ" ಅನ್ನುವರು. ಆಮೇಲೆ ಮೊಟ್ಟೆಗೆ ಉಪ್ಪು ಹಾಕಿಕೊಳ್ಳುವರು.

ಇನ್ನು ಓಟೀಲಿ ಫಾಸ್‌ಬೆಂಡರಳ ವಿಷಯಕ್ಕೆ ಬರುತ್ತೇನೆ. ಕಾಲುವೆಯ ಆಚೆ, ಜರ್ಮನರ ಕೇರಿಯಲ್ಲಿ ಅವಳ ಅಪ್ಪ ಬಿಯರ್ ತಯಾರಿಸುವವರಿಗೆ ಮರದ ಪೀಪಾಯಿ ಮಾಡಿಕೊಡುತ್ತಿದ್ದ. ಹುಡುಗಿ ನನ್ನಲ್ಲಿ ಕಲಿಯಲು ಬಂದಳು. ನಾನು ಕಲಿಸಿದೆ ಅಂದರೆ ದೊಡ್ಡ ಮಾತಾದೀತು, ಅವಳ ಗಂಟಲಲ್ಲಿ ಅದು ಮೊದಲೇ ಇತ್ತು. ನಾವೂ ಊರಿನ ಉಳ್ಳವರೂ ಇದ್ದ ಗುಡ್ಡದ ಮೇಲಿನ ಚರ್ಚಿನಲ್ಲಿ ಭಾನುವಾರ ಸಂಬಳಕ್ಕೆ ಹಾಡುವ ನಾಲ್ವರಲ್ಲಿ ಒಬ್ಬಳಾಗಿ ಅವಳಿಗೆ ಕೆಲಸವೂ ಸಿಕ್ಕಿತು. ಹಾಡುವವರನ್ನು ಗೊತ್ತುಮಾಡುವ ಅಧಿಕಾರ ಬಾರ್ನಬಸ್ ವಿಟ್ಲೋ ಅವರದು. ಚರ್ಚಿನ ಸಂಗೀತ ಸಮಿತಿಗೂ ಅವರೇ ಅಧ್ಯಕ್ಷರು, ಊರಿನ ವಸಂತ ಸಂಗೀತೋತ್ಸವಕ್ಕೂ ಅವರೇ. ಉಳಿದ ಹೊತ್ತಿನಲ್ಲಿ ಅವರಿಗೆ ಶವಪೆಟ್ಟಿಗೆಯ ಕಾರ್ಖಾನೆ ಇತ್ತು.

ಓಟೀಲಿ ಮೊದಲ ಬಾರಿಗೆ ಊರಿನ ದೊಡ್ಡ ಸಭಾಂಗಣದಲ್ಲಿ ಹಾಡಿದ ಸಂಜೆ ನಾನು ಬಾವನ ಪಕ್ಕದಲ್ಲೇ ಕೂತಿದ್ದೆ. ಹುಡುಗಿ ಹಾಡಿದ ಮೇಲೆ ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನನಗೆ ಹೊಟ್ಟೆ ತುಂಬಿದ ಹಾಗಾಗಿತ್ತು. ಬೆಳಗ್ಗೆ ಅಕ್ಕ ಓದಿದಳು: 'ಕುಮಾರಿ ಫಾಸ್‌ಬೆಂಡರ್ ಅವರ ಕಂಠವನ್ನು ಅವರ ತಂದೆಯ ಪೀಪಾಯಿ ಕೊಟ್ಟಿಗೆಯಲ್ಲೇ ಕಬ್ಬಿಣದ ಪಟ್ಟಿ ಬಡಿದು ತಯಾರಿಸಿದಂತಿದೆ. ಸೋರುವುದಿಲ್ಲ, ನಿಜ. ಆದರೆ ಒಳಗೆ ಬಿಯರ್ ಬಿಟ್ಟು ಬೇರೇನೂ ಇದ್ದಂತಿಲ್ಲ.'

"ಪರವಾಗಿಲ್ಲ, ಚೆನ್ನಾಗಿ ಬರೆದಿದಾನೆ" ಅಂದರು ಬಾವ.

ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿತು. ಕ್ಷೌರದ ಅಂಗಡಿಯಲ್ಲಿ, ಟ್ರಾಮಿನಲ್ಲಿ, ಸೋಡಾ ಅಂಗಡಿಯಲ್ಲಿ ಜನ ಹೇಳಿಕೊಂಡು ನಕ್ಕರು. ಓಟೀಲಿ ಬೀದಿಯಲ್ಲಿ ಹೋದರೆ ಪೋಲಿಗಳು ಖಾಲಿ ಡಬ್ಬ ಬಡಿದರು. ಮುಂದಿನ ಭಾನುವಾರ ವಿಟ್ಲೋ ಅವರು ಚರ್ಚಿನಲ್ಲಿ ಅವಳ ಜಾಗಕ್ಕೆ ಬೇರೆಯವಳನ್ನು ತಂದು ನಿಲ್ಲಿಸಿದರು. ಹುಡುಗಿ ನೇರವಾಗಿ ನನ್ನ ಕೋಣೆಗೆ ಬಂದು ಪಿಯಾನೋ ಪಕ್ಕ ನಿಂತಳು.

"ಮಿಸ್, ನಿಜ ಹೇಳಿ. ನಾನು ಕೆಟ್ಟದಾಗಿ ಹಾಡಿದ್ನಾ?"

"ಇಲ್ಲ ಕಣೇ. ಚೆನ್ನಾಗಿ ಹಾಡ್ದೆ."

"ಮತ್ತೆ ಅವರ್ಯಾಕೆ ಹಂಗೆ ಬರೆದ್ರು?"

ಆ ತಿಂಗಳೇ ಅವಳು ನ್ಯೂಯಾರ್ಕಿಗೆ ಹೋಗಿಬಿಟ್ಟಳು. ಅವಳ ಅಪ್ಪ ಅಂದಿನಿಂದ ಕಾಲುವೆ ದಾಟಿ ಗುಡ್ಡದ ಕಡೆ ಬರಲಿಲ್ಲ. ಪೀಪಾಯಿ ಬೇಕಾದವರೇ ಅಲ್ಲಿಗೆ ಹೋಗಿ ತರಬೇಕಾಯಿತು.

ಏಳೆಂಟು ವರ್ಷ ಕಳೆಯಿತು. ಒಂದು ಸಲ ಹೊರ ಊರಿನ ಸಂಗೀತ ಮಂಡಳಿಯೊಂದು ಬಂದು ಗೋಡೆಗಳಿಗೆಲ್ಲ ದೊಡ್ಡ ಭಿತ್ತಿಪತ್ರ ಅಂಟಿಸಿತು. ಮಿಲಾನ್ ನಗರದ ಸಿನ್ಯೋರಾ ಒಟ್ಟಾವಿಯಾ ಫಾಸೀನಿ, ಯುರೋಪನ್ನು ಗೆದ್ದ ಕಂಠ, ಎಂದೆಲ್ಲ ಬರೆದಿತ್ತು. ಕಚೇರಿಯ ದಿನ ಮಧ್ಯಾಹ್ನ ನಮ್ಮ ಅಡುಗೆಮನೆಯ ಹಿಂದಿನ ಬಾಗಿಲು ಯಾರೋ ತಟ್ಟಿದರು. ತೆಗೆದರೆ ತುಪ್ಪಳದ ಕೋಟು, ಗರಿಯ ಟೋಪಿ, ಇದ್ದಲಿನಂಥ ಕಪ್ಪು ಕೂದಲು. ಟೋಪಿಯ ಕೆಳಗೆ ನನ್ನ ಓಟೀಲಿ.

"ಅಯ್ಯೋ ನಿನ್ನ, ಇದೇನೇ ವೇಷ" ಅಂದೆ. "ಇಟಲಿ ಹೇಗಿತ್ತು?"

"ಯಾವ ಇಟಲಿ ಮಿಸ್. ನಾನು ನ್ಯೂಯಾರ್ಕ್ ದಾಟಿ ಆಚೆ ಹೋಗಿಲ್ಲ. ಏಜೆಂಟ್ ಹೇಳ್ದ, ಫಾಸ್‌ಬೆಂಡರ್ ಅಂತಿದ್ರೆ ಮದುವೆ ಮನೇಲೂ ಹಾಡೋಕೆ ಕರೆಯಲ್ಲ, ಇಟಲಿ ಹೆಸರು ಇಟ್ಕೋ ಅಂತ. ನಮ್ಮ ಮಂಡಳೀಲಿ ಎಲ್ಲಾರೂ ಹಂಗೇ. ಕವಾಲಿಯರ್ ಅಂತ ಇಟಲಿ ಬಿರುದು ಹಾಕ್ಕೊಂಡಿರೋ ಆ ದಪ್ಪ ಮೀಸೆಯವನು ಇದಾನಲ್ಲ, ಅವನು ಇಂಡಿಯಾನಾದಲ್ಲಿ ಜೋಳ ಬೆಳೆಯೋರ ಮನೆ ಮಗ."

ಕಾಫಿ ಕೊಟ್ಟೆ. ಅವಳು ಬಟ್ಟಲು ಹಿಡಿದುಕೊಂಡು ಕೂತಳೇ ಹೊರತು ಕುಡಿಯಲಿಲ್ಲ.

"ಅಪ್ಪನ್ನ ನೋಡ್ಕೊಂಡು ಬಂದೆ ಮಿಸ್. ಟಿಕೆಟ್ ಕೊಟ್ಟೆ. ವಾಪಸ್ ಕೊಟ್ರು. ಫಾಸೀನಿ ಅನ್ನೋಳು ನನ್ನ ಮಗಳಲ್ಲ, ಅವಳ ಹಾಡು ಕೇಳಿ ನಾನೇನು ಮಾಡ್ಲಿ ಅಂದ್ರು. ನಂಗಿರೋದು ಒಂದೇ ಆಸೆ. ನಮ್ಮೂರಲ್ಲಿ, ನನ್ನ ಹೆಸರು ಹಾಕ್ಕೊಂಡು, ಗುಡ್ಡದ ಮೇಲಿನ ಜನರ ಮುಂದೆ ಒಂದ್ಸಲ ಹಾಡ್ಬೇಕು. ಅಪ್ಪ ಮುಂದಿನ ಸಾಲಲ್ಲಿ ಕೂತಿರ್ಬೇಕು. ಅಷ್ಟೇ ಮಿಸ್."

ಅಷ್ಟೇ ಅಂದಳು. ಅವಳು ಚಂದ್ರನನ್ನು ಕೇಳಿದ್ದರೆ ತಂದುಕೊಡುವುದು ಸುಲಭವಿತ್ತು. 

ಆ ಸಂಜೆ ಯಾರೂ ಅವಳನ್ನು ಗುರುತಿಸಲಿಲ್ಲ. ಗುರುತಿಸುವುದು ಹೇಗೆ? ಚರ್ಚಿನಲ್ಲಿ ಹಾಡುವವರನ್ನು ಹಿಂದಿನ ಅಟ್ಟದ ಮೇಲೆ ನಿಲ್ಲಿಸುತ್ತಾರೆ, ಸಂಬಳ ಕೊಟ್ಟವರಿಗೆ ಮುಖದ ಗರಜಿಲ್ಲ. ಸಭಾಂಗಣದವರು ಅವಳನ್ನು ಕಂಡದ್ದು ಒಂದೇ ಸಂಜೆ, ಅದೂ ಹೊಂಬಣ್ಣದ ಕೂದಲಿನಲ್ಲಿ. ಕಾಲುವೆಯಾಚೆಯವರಿಗೆ ಆ ಸಭಾಂಗಣದ ಟಿಕೆಟ್ಟಿಗೆ ಕಾಸಿರಲಿಲ್ಲ. ಬಾವ ಎಂದಿನಂತೆ ಸ್ವರಪುಸ್ತಕದಲ್ಲಿ ಮುಖ ಹುದುಗಿಸಿದ್ದರು. ಅವಳು ಬಾಯಿ ತೆರೆದು ಮೊದಲ ಸ್ವರ ಹಿಡಿದಾಗ ಬಾವನ ಬೆರಳು ಪುಟದ ಮೇಲೆ ಗಕ್ಕನೆ ನಿಂತಿತು. ಹಾಡು ಮುಂದೆ ಹೋಯಿತು, ಬೆರಳು ಹೋಗಲಿಲ್ಲ. ಮುದುಕರಿಗೆ ಕೈ ಜೋಮು ಹಿಡಿದಿರಬೇಕು ಎಂದುಕೊಂಡೆ.

ಬೆಳಗ್ಗೆ ಅಕ್ಕ ಓದಿದಳು: 'ಇಂಥ ಕಂಠ ನಮ್ಮ ಮಣ್ಣಿನಲ್ಲಿ ಹುಟ್ಟಲು ಸಾಧ್ಯವೇ ಇಲ್ಲ. ಸಿನ್ಯೋರಾ ಫಾಸೀನಿಯವರ ಗಾಯನದಲ್ಲಿ ನೇಪಲ್ಸ್ ಕೊಲ್ಲಿಯ ಬಿಸಿಲಿದೆ, ದ್ರಾಕ್ಷಿ ತೋಟದ ಗಾಳಿಯಿದೆ, ಶತಮಾನಗಳ ಸಂಸ್ಕಾರವಿದೆ. ನಮ್ಮ ಹುಡುಗಿಯರು ಕೇಳಿ ಕಲಿಯಲಿ, ಅಥವಾ ಕೇಳಿ ಸುಮ್ಮನಾಗಲಿ.'

ನನಗೆ ಕಾಫಿ ನೆತ್ತಿಗೆ ಹತ್ತಿತು. ಅಕ್ಕ ಬೆನ್ನು ತಟ್ಟಿದಳು. ಬಾವ ಮೊಟ್ಟೆಗೆ ಉಪ್ಪು ಹಾಕಿಕೊಂಡರು.

ವಿಮರ್ಶೆ ಓದಿದ ವಿಟ್ಲೋ ಅವರು ಆ ಬೆಳಗ್ಗೆಯೇ ಹೋಟೆಲಿಗೆ ಓಡಿದರು. ವಸಂತೋತ್ಸವದಲ್ಲಿ ಸಿನ್ಯೋರಾ ಹಾಡಲೇಬೇಕು ಎಂದು ಕೈಮುಗಿದರು. ಓಟೀಲಿ ಟೋಪಿ ತೆಗೆದು, ತಾನು ಯಾರೆಂದು ಹೇಳಿ, "ಹಾಡ್ತೀನಿ, ಆದ್ರೆ ನನ್ನ ಹೆಸರಲ್ಲೇ ಅಚ್ಚು ಹಾಕಿಸ್ಬೇಕು" ಅಂದಳಂತೆ. ಮಧ್ಯಾಹ್ನದೊಳಗೆ ವಿಟ್ಲೋ ನಮ್ಮ ಮನೆಯ ಹಜಾರದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು.

"ಪ್ರೌಟಿಯವರೇ, ಆಕೆ ಪೀಪಾಯಿಯವನ ಮಗಳಂತೆ. ನಾನೇ ಕೆಲಸದಿಂದ ತೆಗೆದಿದ್ದ ಹುಡುಗಿ. ಈಗೇನ್ ಮಾಡೋದು ಹೇಳಿ."

"ನಾನು ನಿನ್ನೆ ಕೇಳಿದ್ದು ಒಬ್ಬ ಇಟಲಿಯವಳನ್ನ" ಅಂದರು ಬಾವ, ಪೈಪಿಗೆ ಹೊಗೆಸೊಪ್ಪು ತುಂಬುತ್ತ.

"ಅದು ಸರಿ. ಆದ್ರೆ ಹೆಸರು. ನಮ್ಮ ಕಸುಬಲ್ಲಿ ಶವಪೆಟ್ಟಿಗೆಗೆ ಹಿತ್ತಾಳೆ ಹಿಡಿ ಹಾಕ್ತೀವಲ್ಲ, ಹಂಗೆ ನೋಡಿ ಹೆಸರು ಅನ್ನೋದು. ಒಳಗೆ ಮಲಗಿರೋರಿಗೆ ಏನೂ ಉಪಯೋಗ ಇಲ್ಲ, ಆದ್ರೆ ಅದಿಲ್ದೆ ಹೋದ್ರೆ ಯಾರೂ ಕೊಳ್ಳಲ್ಲ. ನಾನೊಂದು ದಾರಿ ಹುಡುಕಿದೀನಿ. ಕಾಲುವೆ ಆಚೆ ಆ ಜರ್ಮನ್ ಸಂಘದ ಗರಡಿಮನೆ ಇದೆಯಲ್ಲ, ಅಲ್ಲಿ ಅವಳು ಮೊದ್ಲು ತನ್ನ ಹೆಸರಲ್ಲೇ ಒಂದು ಕಚೇರಿ ಮಾಡ್ಲಿ. ನೀವು ನಾಲ್ಕು ಒಳ್ಳೆ ಮಾತು ಬರೀರಿ. ನೀವು ಬರೆದ್ರೆ ವಸಂತೋತ್ಸವಕ್ಕೆ ಆ ಹೆಸರೇ ಹಾಕಿಸ್ತೀವಿ. ಬರೀದೇ ಇದ್ರೆ, ಅವಳು ಫಾಸೀನಿ ಆಗಿ ಹಾಡ್ಲಿ, ಇಲ್ಲಾ ಹೊರಟು ಹೋಗ್ಲಿ."

ಹೀಗೆ ಊರಿನ ಸಂಗೀತದ ಭವಿಷ್ಯ ತೀರ್ಮಾನಿಸಿ ವಿಟ್ಲೋ ಹೊರಟರು. ಅಕ್ಕ ಕಿಟಕಿಯ ಹತ್ತಿರ ಕಾಲುಚೀಲ ಹೆಣೆಯುತ್ತಿದ್ದಳು. ನಾನು ಬಾವನ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ಬಾವ, ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ನನ್ನ ಕಿವಿ ಕಿವುಡು ಅಂತ ತಿಳ್ಕೊಂಡಿದೀಯಾ ಲವೀನಿಯಾ? ಮೊದಲನೇ ಸ್ವರಕ್ಕೇ ಗೊತ್ತಾಯ್ತು."

"ಮತ್ತೆ ನೇಪಲ್ಸು, ಬಿಸಿಲು, ಅದೆಲ್ಲ?"

"ಅಷ್ಟು ಚೆನ್ನಾಗಿ ಹಾಡಿದ್ಲು. ಬರೀಬೇಕಲ್ಲ. ಪುಣ್ಯಕ್ಕೆ ಹೆಸರು ಬೇರೆ ಇತ್ತು, ಧೈರ್ಯವಾಗಿ ಬರೆದೆ."

"ಹಾಗಾದ್ರೆ ಮೊದಲನೇ ಸಲ ಕೆಟ್ಟದಾಗಿ ಹಾಡಿದ್ಲಾ?"

ಬಾವ ಬೆಂಕಿಕಡ್ಡಿ ಗೀರಿದರು. "ಇಲ್ಲ. ಆಗ್ಲೂ ಚೆನ್ನಾಗೇ ಹಾಡಿದ್ಲು."

ಪೈಪು ಹೊತ್ತಿಕೊಂಡಿತು. ಅವರೇ ಮುಂದುವರಿಸಿದರು.

"ಆ ಪೀಪಾಯಿ ಮಾತಿದೆಯಲ್ಲ, ಅದು ಕಚೇರಿಗೆ ಹೋಗ್ತಾ ಟ್ರಾಮಲ್ಲೇ ಹೊಳೆದಿತ್ತು ಕಣೆ. ಅಷ್ಟು ಸೊಗಸಾದ ಮಾತು. ಹುಡುಗಿ ಚೆನ್ನಾಗಿ ಹಾಡಿಬಿಟ್ಲು ಅಂತ ಅದನ್ನ ಎಸೆಯೋಕಾಗುತ್ತಾ?"

ನನಗೆ ಬಂದ ಸಿಟ್ಟಿಗೆ ಮೇಜಿನ ಮೇಲಿದ್ದ ಲೈಪ್‌ಜಿಗ್‌ನ ಹೂದಾನಿ ಅವರ ತಲೆಗೆ ಹಾಕಬೇಕು ಅನ್ನಿಸಿತು. ಅಕ್ಕನ ಹೆಣಿಗೆ ಕಡ್ಡಿಗಳ ಸದ್ದು ನಿಂತಿತ್ತು.

"ಒಂದು ಮಾತಿನ ಚಪಲಕ್ಕೆ ಒಂದು ಹುಡುಗೀನ ಊರು ಬಿಡಿಸಿದ್ರಲ್ಲ ಬಾವ."

"ಊರು ಬಿಟ್ಟಿದ್ದಕ್ಕೇ ಅವಳು ಇಷ್ಟು ದೊಡ್ಡವಳಾಗಿದ್ದು. ನನಗೆ ಥ್ಯಾಂಕ್ಸ್ ಹೇಳ್ಬೇಕು. ಫಾಸೀನಿ ಬಗ್ಗೆ ಬೇಕಾದಷ್ಟು ಬರೆದಿದೀನಲ್ಲ, ಇನ್ನೇನು ಬೇಕಂತೆ?"

"ಅವಳ ಹೆಸರು."

"ಅವಳ ಹೆಸರಿಗೆ ಬರೆದ್ರೆ ನನ್ನ ಹೆಸರು ಹೋಗುತ್ತೆ. ಉಗುಳಿದ್ದನ್ನ ನಾನೇ ನೆಕ್ಕಲಾ? ಊರು ನಗುತ್ತೆ."

"ನಗ್ಲಿ ಬಿಡಿ. ಅವಳನ್ನ ನೋಡಿ ನಕ್ಕಿಲ್ವಾ? ಅವಳು ಸತ್ತು ಹೋದ್ಲಾ?"

ಬಾವ ಹೊಗೆ ಬಿಟ್ಟರು. "ನೋಡೋಣ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ನಾನು ಎರಡು ವಾರ ಕಳೆದೆ.

ಗರಡಿಮನೆಯಲ್ಲಿ ಕಸರತ್ತಿನ ಹಗ್ಗಗಳನ್ನು ಮೇಲಕ್ಕೆ ಕಟ್ಟಿ, ಕಂಬಗಳನ್ನು ಗೋಡೆಗೆ ಸರಿಸಿ ಬೆಂಚು ಹಾಕಿದ್ದರು. ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಓಟೀಲಿ ಫಾಸ್‌ಬೆಂಡರ್ ಎಂದು ಬರೆದಿತ್ತು. ಮುಂದಿನ ಸಾಲಿನಲ್ಲಿ ಅವಳ ಅಪ್ಪ, ತನ್ನ ಮದುವೆಗೆ ಹೊಲಿಸಿದ್ದ ಕಪ್ಪು ಕೋಟಿನಲ್ಲಿ, ಗುಂಡಿ ಹಾಕಲು ಆಗದೆ ಕೂತಿದ್ದ. ಗುಡ್ಡದ ಮೇಲಿನಿಂದ ಬಂದವರು ವಿಟ್ಲೋ, ಬಾವ ಮತ್ತು ನಾನು. ಗುಡ್ಡದವರ ಮುಂದೆ ಹಾಡಬೇಕು ಎಂಬ ಆಸೆ ಇನ್ನೂ ಈಡೇರಿರಲಿಲ್ಲ. ಅದರ ಬೀಗದ ಕೈ ಬಾವನ ಕೈಯಲ್ಲಿತ್ತು.

ಅವಳು ಮೊದಲ ಸಲ ಹಾಡಿದ್ದ ಹಾಡನ್ನೇ ಹಾಡಿದಳು. ಕೂದಲಿನ ಕಪ್ಪು ತೊಳೆದುಹೋಗಿ ಹೊಂಬಣ್ಣ ಬಂದಿತ್ತು. ನಾನು ಹಾಡಿನ ಬಗ್ಗೆ ಹೇಳಲು ಹೋಗುವುದಿಲ್ಲ, ಹೇಳಿ ಹಾಳು ಮಾಡುವವರು ನಮ್ಮ ಮನೆಯಲ್ಲಿ ಒಬ್ಬರು ಸಾಕು. ನಡುವೆ ಬಾವನ ಸ್ವರಪುಸ್ತಕದ ಮೇಲೆ ಒಂದು ಹನಿ ಬಿತ್ತು. ಚಾವಣಿ ಸೋರುತ್ತಿದೆಯೇ ಎಂದು ಮೇಲೆ ನೋಡಿದೆ. ಹೊರಗೆ ಮಳೆಯೇ ಇರಲಿಲ್ಲ. ಇನ್ನೊಂದು ಹನಿ ಬಿತ್ತು. ಬಾವ ಅದನ್ನು ಹೆಬ್ಬೆರಳಿನಿಂದ ಒರೆಸಿದರು, ಅಂಚಿನಲ್ಲಿ ಗೀಚಿದ್ದ ಶಾಯಿ ಹರಡಿಕೊಂಡಿತು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಗೆದ್ದೆ ಕಣೇ ಓಟೀಲಿ ಎಂದುಕೊಂಡೆ.

ಹೊರಡುವಾಗ ಮುದುಕ ಫಾಸ್‌ಬೆಂಡರ್ ಬಾಗಿಲ ಹತ್ತಿರ ಬಾವನಿಗೆ ಅಡ್ಡ ನಿಂತ.

"ಸ್ವಾಮೀ, ಸೋರಾಕಿಲ್ಲ ಅಂತ ಬರ್ದಿದ್ರಿ. ಇವತ್ತು ಎಲ್ಲೋ ಒಸಿ ಸ್ವಾರ್ದಂಗಿತ್ತು" ಅಂದ, ಬಾವನ ಕಣ್ಣನ್ನೇ ನೋಡುತ್ತ.

ಬಾವ ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ಟ್ರಾಮಿನ ಕಡೆ ಹೊರಟುಬಿಟ್ಟರು. ಮುದುಕ ಹೇಳಿದ್ದು ಅಷ್ಟೇ. ಅಷ್ಟು ಹೇಳದಿದ್ದರೆ ಏನಾಗುತ್ತಿತ್ತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಏನೂ ಆಗುತ್ತಿರಲಿಲ್ಲ ಬಿಡಿ.

ಬೆಳಗ್ಗೆ ಅಕ್ಕ ಪತ್ರಿಕೆ ಬಿಚ್ಚಿ ಓದಲು ಶುರುಮಾಡಿದಳು: 'ಕುಮಾರಿ ಫಾಸ್‌ಬೆಂಡರ್ ಅವರು ಇನ್ನೊಂದು ಹೆಸರಿನ ನೆರಳಿನಲ್ಲಿ ಗಳಿಸಿದ್ದನ್ನೆಲ್ಲ ನಮ್ಮ ನದಿ ದಡದ ಚಿಮಣಿಗಳ ಹೊಗೆ ಆಗಲೇ ತಿಂದುಹಾಕಿದೆ. ಎರಡು ವಾರದ ಹಿಂದೆ ಕೇಳಿದ ಆ ಬಿಸಿಲು ಎಲ್ಲಿ? ಈಗ ಉಳಿದಿರುವುದು ಮರದ ಸಿಬಿರಿನ ವಾಸನೆ...'

ಅಕ್ಕ ಅಲ್ಲಿಗೆ ನಿಲ್ಲಿಸಿದಳು. ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಮೊಟ್ಟೆಯ ಬಟ್ಟಲಿನ ಪಕ್ಕ ಇಟ್ಟಳು.

"ಮುಂದಕ್ಕೆ ನೀವೇ ಓದ್ಕೊಳ್ರೀ. ನನ್ನ ಕನ್ನಡಕ ಸರಿ ಇಲ್ಲ."

ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಆ ಕನ್ನಡಕದಲ್ಲೇ ಅವಳು ಆ ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿದಳು. ಆದರೆ ಅವತ್ತಿನಿಂದ ಅವಳು ಬಾವನ ಒಂದು ಸಾಲನ್ನೂ ಓದಿ ಹೇಳಲಿಲ್ಲ. ಬಾವ ತಮ್ಮ ವಿಮರ್ಶೆಯನ್ನು ತಾವೇ ಮನಸ್ಸಿನಲ್ಲಿ ಓದಿಕೊಂಡು, ಚೆನ್ನಾಗಿ ಬರೆದಿದಾನೆ ಎಂದು ಯಾರಿಗೆ ಹೇಳುವುದು ತಿಳಿಯದೆ, ತಣ್ಣಗಾದ ಮೊಟ್ಟೆಯನ್ನೇ ತಿನ್ನತೊಡಗಿದರು.

ವಿಟ್ಲೋ ಮತ್ತೆ ಫಾಸೀನಿಯ ಹೆಸರು ಹಿಡಿದು ಹೋದರು, ಕೂಲಿ ಹೆಚ್ಚು ಕೊಡುತ್ತೇವೆ ಅಂದರು. ಓಟೀಲಿ ಒಪ್ಪಲಿಲ್ಲ. ರೈಲು ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು, "ಹೊರಗಡೆ ಹೊಟ್ಟೆಪಾಡಿಗೆ ಫಾಸೀನಿ ಆಗಿರ್ತೀನಿ ಮಿಸ್. ಈ ಊರಲ್ಲಿ ಹಾಡಿದ್ರೆ ನನ್ನ ಹೆಸರಲ್ಲೇ. ಇಲ್ಲಾಂದ್ರೆ ಇಲ್ಲ" ಅಂದಳು. ರೈಲು ಹೋದ ಮೇಲೆ ನಾನು ನಿಲ್ದಾಣದ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ.

ಆಮೇಲೆ ಯುದ್ಧ ಬಂತು. ಜರ್ಮನಿಯ ಮೇಲೆ ನಮ್ಮವರು ಯುದ್ಧ ಸಾರಿದ ವಾರವೇ ಕಾಲುವೆಯಾಚೆಯ ಬೀದಿಗಳಿಗೆಲ್ಲ ಹೊಸ ಹೆಸರು ಬಿತ್ತು. ಜರ್ಮನರ ಹುಳಿ ಎಲೆಕೋಸಿಗೂ ಸ್ವಾತಂತ್ರ್ಯದ ಕೋಸು ಎಂದು ನಾಮಕರಣವಾಯಿತು. ಊರಿಗೆ ಊರೇ ಬಾವನ ಶಿಷ್ಯಮಂಡಳಿಯಾಗಿತ್ತು, ವಸ್ತು ಅದೇ, ಹೆಸರು ಮಾತ್ರ ಬೇರೆ. ಬಾವ ಗಡ್ಡ ಬೋಳಿಸಿಕೊಂಡರು. ತಾವು ಲೈಪ್‌ಜಿಗ್‌ಗೆ ಹೋಗಿಯೇ ಇರಲಿಲ್ಲ ಎಂದು ಈಗ ಅವರ ಬಾಯಿಂದಲೇ ನಮಗೆಲ್ಲ ಗೊತ್ತಾಯಿತು. ಹೂದಾನಿ ಅಟ್ಟ ಸೇರಿತು. ಫ್ರಾನ್ಸಿನ ಸಂಗೀತವೇ ಸಂಗೀತ, ಜರ್ಮನರದು ಬರೀ ಬೂಟುಗಾಲಿನ ಸದ್ದು ಎಂದು ಅವರು ವಾರಕ್ಕೊಮ್ಮೆ ಬರೆದರು. ಗರಡಿಮನೆಯ ಫಲಕ ಯಾರೋ ಕಿತ್ತುಹಾಕಿದರು. ಯುದ್ಧ ಮುಗಿಯಿತು, ಬಿಯರ್ ನಿಷೇಧವಾಯಿತು. ಮುದುಕ ಫಾಸ್‌ಬೆಂಡರ್ ಉಪ್ಪಿನಕಾಯಿಯವರಿಗೆ ಪೀಪಾಯಿ ಮಾಡಿಕೊಂಡು ದಿನ ದೂಡಿದ.

ಆ ಚಳಿಗಾಲ ಬಾವನಿಗೆ ಎದೆಯ ಕಾಯಿಲೆ ಹತ್ತಿತು. ವೈದ್ಯರು ತಲೆ ಅಲ್ಲಾಡಿಸಿ ಹೋದರು. ಒಂದು ಮಧ್ಯಾಹ್ನ ಅಕ್ಕ ಸಾರು ಕುಡಿಸುತ್ತಿದ್ದಾಗ ಬಾವ ಚಮಚೆ ತಳ್ಳಿ ಹೇಳಿದರು.

"ನನ್ನ ಶವಸಂಸ್ಕಾರಕ್ಕೆ ವಿಟ್ಲೋ ಗೊತ್ತುಮಾಡಿರೋ ಆ ನಾಲ್ಕು ಜನ ಹಾಡಬಾರ್ದು. ಅವರ ಕೈಲಿ ಸಾಯೋಕೆ ಇಷ್ಟ ಇಲ್ಲ. ಆ ಇಟಲಿಯವಳನ್ನ ಕರೆಸು."

"ಯಾವ ಇಟಲಿಯವಳ್ರೀ?" ಎಂದಳು ಅಕ್ಕ.

"ಅದೇ. ಫಾಸೀನಿ."

"ಆ ಹೆಸರಿನವರು ಯಾರೂ ಇಲ್ಲ."

ಬಾವ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. "ನಿಂಗೊತ್ತಲ್ಲ ಫಿಲೀನಾ" ಅಂದರು.

"ನಂಗೊತ್ತು. ನಿಮ್ಮ ಬಾಯಲ್ಲಿ ಒಂದ್ಸಲ ಕೇಳ್ಬೇಕು. ಪತ್ರಿಕೇಲಿ ಬೇಡ, ಯಾರೂ ಕೇಳಿಸ್ಕೊಳ್ಳಲ್ಲ. ನಾನು, ಲವೀನಿಯಾ ಅಷ್ಟೇ. ಹೇಳ್ರೀ, ಕರೆಸ್ತೀನಿ."

ಅವರ ತುಟಿ ಅಲ್ಲಾಡಿತು. ನಾನು ಹಾಸಿಗೆಯ ಹತ್ತಿರ ಬಗ್ಗಿದೆ. ಬಾವ ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಹಾಗೆ ಮಲಗಿದವರು ಮತ್ತೆ ಈ ಕಡೆ ಹೊರಳಲಿಲ್ಲ.

ಅಕ್ಕ ಸತ್ತವರ ಮಾತು ಮೀರುವವಳಲ್ಲ. ತಂತಿ ಕಳಿಸಿದಳು. ಓಟೀಲಿ ಮೊದಲ ರೈಲಿಗೇ ಬಂದಳು. ವಿಟ್ಲೋ ಅವರು ಓಕ್ ಮರದ ಪೆಟ್ಟಿಗೆಯನ್ನು ಸ್ವತಃ ಹೊರಿಸಿಕೊಂಡು ಬಂದರು, ಹಿತ್ತಾಳೆ ಹಿಡಿಗಳು ಕನ್ನಡಿಯಾಗಿದ್ದವು. ಚರ್ಚಿನಲ್ಲಿ ಹಂಚುವ ಕಾರ್ಡಿನಲ್ಲಿ ಯಾರು ಹಾಡುತ್ತಾರೆಂದು ಅಚ್ಚಾಗಬೇಕಿತ್ತು. ಅದೇ ಚರ್ಚು, ಅದೇ ಸಮಿತಿ.

"ಪ್ರೌಟಿ ಅಮ್ಮನವರೇ, ಫಾಸೀನಿ ಅಂತ ಹಾಕಿಸೋಣ" ಅಂದರು ವಿಟ್ಲೋ. "ಇಲ್ಲಾ ಬರೀ ಗಾಯನ ಅಂತ ಹಾಕಿ ಬಿಟ್ಬಿಡೋಣ. ಯುದ್ಧ ಮೊನ್ನೆ ಮೊನ್ನೆ ಮುಗಿದಿದೆ, ನಮ್ಮ ಹುಡುಗ್ರು ಅಲ್ಲಿ ಸತ್ತಿದಾರೆ. ಇಂಥ ಹೊತ್ತಲ್ಲಿ ಚರ್ಚಿನ ಕಾರ್ಡಲ್ಲಿ ಜರ್ಮನ್ ಹೆಸರು ಅಂದ್ರೆ ಜನ ಏನಂತಾರೆ?"

ಅಕ್ಕ ಹೊಸ ಕಪ್ಪು ಕೈಗವಸಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ವಿಟ್ಲೋ ಅವರೇ, ಪೆಟ್ಟಿಗೆ ನಿಮ್ದು. ಒಳಗಿರೋ ಗಂಡ ನಂದು. ಹೆಸರು ಅವಳದು. ಹಾಗೇ ಅಚ್ಚು ಹಾಕಿಸಿ, ಇಲ್ಲಾಂದ್ರೆ ಪೆಟ್ಟಿಗೆ ವಾಪಸ್ ತಗೊಂಡು ಹೋಗಿ. ಸಾದಾ ಮರದ್ದು ಕಾಲುವೆ ಆಚೆ ಮಾಡ್ತಾರಂತೆ."

ಕಾರ್ಡು ಅಚ್ಚಾಯಿತು. ಗುಡ್ಡದ ಮೇಲಿನ ಜನ ಯಾರೂ ತಪ್ಪಿಸಲಿಲ್ಲ. ಬಾವನ ಕೈಯಲ್ಲಿ ಉಗಿಸಿಕೊಂಡವರೆಲ್ಲ, ಸತ್ತದ್ದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದ ಹಾಗೆ, ಬೆಂಚು ತುಂಬ ಕೂತಿದ್ದರು. ಎಲ್ಲರೂ ಬಂದು ಕೂತ ಮೇಲೆ ಬಾಗಿಲಲ್ಲಿ ಮುದುಕ ಫಾಸ್‌ಬೆಂಡರ್ ಕಾಣಿಸಿಕೊಂಡ. ಕಾಲುವೆ ದಾಟಿ, ಗುಡ್ಡ ಹತ್ತಿ, ಏದುಸಿರು ಬಿಡುತ್ತಿದ್ದ. ಅಕ್ಕ ಎದ್ದು ಹೋಗಿ ಅವನ ತೋಳು ಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ, ಮನೆಯವರ ಬೆಂಚಿನಲ್ಲಿ ಕೂರಿಸಿದಳು. ಅವನು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು, ಮಗಳ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದ.

ಓಟೀಲಿ ಹಿಂದಿನ ಅಟ್ಟ ಹತ್ತಲಿಲ್ಲ. ಎಲ್ಲರ ಮುಂದೆ, ಪೆಟ್ಟಿಗೆಯ ಪಕ್ಕ ನಿಂತು ಹಾಡಿದಳು. ಅಭ್ಯಾಸಬಲ ನೋಡಿ, ಅವಳು ಮೊದಲ ಸ್ವರ ಹಿಡಿದಾಗ ನಾನು ಬಾವನ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ. ಅವರು ಯಾವತ್ತೂ ಎತ್ತುತ್ತಿರಲಿಲ್ಲ. ಬೆಂಚುಗಳಲ್ಲಿ ಕರವಸ್ತ್ರಗಳು ಹೊರಬಂದವು, ವಿಟ್ಲೋ ಅವರದೂ ಬಂತು. ಅಕ್ಕ ಕೊನೆಯವರೆಗೂ ನಿದ್ದೆ ಮಾಡದೆ ಕೂತು ಕೇಳಿದಳು. ನನ್ನ ಪಕ್ಕದಲ್ಲಿ ಮುದುಕನ ಭುಜ ಅಲ್ಲಾಡುತ್ತಿತ್ತು.

ಮರುದಿನ ಬೆಳಗ್ಗೆ ತಿಂಡಿಯ ಮೇಜಿಗೆ ನಾವು ಮೂವರು ಕೂತೆವು, ಅಕ್ಕ, ನಾನು, ಮತ್ತು ಬಾವನ ಕುರ್ಚಿಯಲ್ಲಿ ಓಟೀಲಿ. ಅಕ್ಕ ಪತ್ರಿಕೆ ಬಿಚ್ಚಿ ಕನ್ನಡಕ ಏರಿಸಿಕೊಂಡಳು. ಎಷ್ಟೋ ವರ್ಷದ ಮೇಲೆ ಅವಳು ಗಟ್ಟಿಯಾಗಿ ಓದಿದ್ದು. ಬಾವನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲವಾದ್ದರಿಂದ ವರದಿಯನ್ನು ಹಂದಿ ಸಂತೆಯ ವರದಿಗಾರನೇ ಬರೆದಿದ್ದ. ಸ್ಥಳೀಯ ಪ್ರತಿಭೆಗಳನ್ನು ಕೈಹಿಡಿದು ಬೆಳೆಸಿದ ಮಹನೀಯರು ಎಂದು ಬಾವನನ್ನು ಕೊಂಡಾಡಿದ್ದ. ಅದನ್ನು ಓದುವಾಗ ಅಕ್ಕನ ಧ್ವನಿ ಸ್ವಲ್ಪವೂ ಅಲುಗಲಿಲ್ಲ. ಕೊನೆಯಲ್ಲಿ ಒಂದು ಸಾಲಿತ್ತು, ಅದಕ್ಕೆ ಹಿಂದೆ ಮುಂದೆ ಯಾವ ವಿಶೇಷಣವೂ ಇರಲಿಲ್ಲ: 'ನಮ್ಮೂರಿನ ಓಟೀಲಿ ಫಾಸ್‌ಬೆಂಡರ್ ಹಾಡಿದರು.'

ಓಟೀಲಿ ಅದನ್ನು ಇನ್ನೊಂದು ಸಲ ಓದಿಸಿದಳು. ಅಕ್ಕ ಓದಿದಳು.

"ಪರವಾಗಿಲ್ಲ" ಅಂದೆ ನಾನು, ಮೊಟ್ಟೆಯ ನೆತ್ತಿ ಒಡೆಯುತ್ತ, "ಚೆನ್ನಾಗಿ ಬರೆದಿದಾನೆ."